ದೊಡ್ಡಮ್ಮ ಬೆಲ್ಲ ಕೊಡ್ತಿರಲಿಲ್ಲ

ಹಿಂದೆ ಕೂತಿರೋ ತಮ್ಮಂದಿರು ಸ್ವಲ್ಪ ಮುಂದೆ ಬನ್ನಿ, ಇವತ್ತು ಮೈಕು ಸರಿಯಿಲ್ಲ.

ಯೌವನಸ್ಥರ ಕೂಟದ ಪ್ರಶ್ನೆ ಪೆಟ್ಟಿಗೆಯಲ್ಲಿ ಈ ತಿಂಗಳು ಒಂಬತ್ತು ಚೀಟಿ ಬಿದ್ದಿದ್ದವು. ಅದರಲ್ಲಿ ಐದು ಎಐ ಬಗ್ಗೆಯೇ. ಒಬ್ಬರು ‘ಎಐ ಅಂದ್ರೆ ಕ್ರಿಸ್ತವಿರೋಧಿಯಾ?’ ಅಂತ ಕೇಳಿದ್ದಾರೆ. ಇನ್ನೊಬ್ಬರು ‘ಪ್ರಾರ್ಥನೆ, ಸಂದೇಶ ಇವನ್ನೆಲ್ಲ ಚಾಟ್‌ಬಾಟ್ ಹತ್ರ ಬರೆಸಿದ್ರೆ ಪಾಪನಾ ಪಾಸ್ಟರ್?’ ಅಂತ ಕೇಳಿದ್ದಾರೆ. ಹೆಸರಿಲ್ಲದ ಒಂದು ಚೀಟಿಯೂ ಇದೆ. ಅದನ್ನ ಆಮೇಲೆ ಓದ್ತೀನಿ.

ಮೊದಲನೆಯದಕ್ಕೆ ಬೇಗ ಉತ್ತರ ಕೊಟ್ಟುಬಿಡ್ತೀನಿ. ನಾನು ಚಿಕ್ಕವನಿದ್ದಾಗ ಸೋಪಿನ ಪ್ಯಾಕೆಟ್ ಮೇಲಿನ ಬಾರ್‌ಕೋಡ್ ತೋರಿಸಿ 666 ಅಂದವರಿದ್ದರು. ಆಧಾರ್ ಕಾರ್ಡ್ ಬಂದಾಗಲೂ ಅದನ್ನೇ ಅಂದರು. ಹಾಗೆ ಅಂದವರೇ ಈಗ ಗ್ಯಾಸ್ ಸಬ್ಸಿಡಿಗೆ ಆಧಾರ್ ಲಿಂಕ್ ಮಾಡಿಸಿಕೊಂಡು ಆರಾಮಾಗಿದ್ದಾರೆ. ಪ್ರಕಟನೆ ಪುಸ್ತಕವನ್ನ ಹೊಸ ಮೊಬೈಲ್ ಬಿಡುಗಡೆಯಾದಾಗಲೆಲ್ಲ ತೆಗೆಯೋದು ನಿಲ್ಲಿಸೋಣ. ಅಷ್ಟೇ.

ಎರಡನೆಯದಕ್ಕೆ ಉತ್ತರ ಕೊಡಬೇಕಾದ್ರೆ ನಾನು ಒಂದು ತಪ್ಪನ್ನ ಒಪ್ಪಿಕೊಳ್ಳಬೇಕು.

ನಮ್ಮೂರು ಲಿಂಗದಹಳ್ಳಿ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿ ಬರುತ್ತೆ. ಕಲ್ಲತ್ತಿಗಿರಿ ಜಲಪಾತದ ಮುಂದೆ ನಿಂತು ರೀಲ್ಸ್ ಮಾಡಿದವರು ಇಲ್ಲೇ ಎಷ್ಟೋ ಜನ ಇದ್ದೀರಿ, ದಾರಿಯಲ್ಲಿ ದಾಟಿದ ಊರು ಮಾತ್ರ ಯಾರಿಗೂ ನೆನಪಿಲ್ಲ. ಅಲ್ಲಿ ನನ್ನ ದೊಡ್ಡಮ್ಮ ಇದ್ದರು, ನಮ್ಮಪ್ಪನ ಅಣ್ಣನ ಹೆಂಡತಿ. ಕಳೆದ ವರ್ಷ ಮಳೆಗಾಲದಲ್ಲಿ ತೀರಿಕೊಂಡರು. ಸಂಜೆ ಫೋನ್ ಬಂತು, ಮಾರನೇ ದಿನವೇ ಮಣ್ಣು. ‘ನೀನು ಪಾಸ್ಟರ್ ಅಲ್ವಾ, ಸಮಾಧಿ ಹತ್ರ ನಾಲ್ಕು ಮಾತು ಹೇಳು’ ಅಂದರು.

ರಾತ್ರಿ ಶಿವಮೊಗ್ಗ ಕಡೆ ಹೋಗುವ ರೈಲು ಹತ್ತಿದೆ. ಆ ವಾರ ಆಫೀಸಿನಲ್ಲಿ ರಿಲೀಸ್ ಇತ್ತು, ಮೂರು ದಿನದಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಅರಸೀಕೆರೆ ದಾಟಿದ ಮೇಲೆ ಮೊಬೈಲ್ ತೆಗೆದು ಒಂದು ಚಾಟ್‌ಬಾಟ್‌ಗೆ ಟೈಪ್ ಮಾಡಿದೆ: ವಯಸ್ಸು 74, ಮೂರು ಮಕ್ಕಳು, ಅಡಿಕೆ ಸುಲಿಯುವ ಕೆಲಸ, ಮೂವತ್ತು ವರ್ಷದಿಂದ ವಿಶ್ವಾಸಿ, ಕನ್ನಡದಲ್ಲಿ ಐದು ನಿಮಿಷದ ಸಂದೇಶ ಬೇಕು. ಅರ್ಧ ನಿಮಿಷದಲ್ಲಿ ಬಂತು. ಎಂಥ ಕನ್ನಡ ಅಂತೀರಿ! ಅಂಗಳದಲ್ಲಿ ಆಡುವ ಮಕ್ಕಳನ್ನು ಕರೆದು, ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರು ಕೊಡುತ್ತಿದ್ದ ಆ ಕೈಗಳು ಇಂದು ವಿಶ್ರಮಿಸುತ್ತಿವೆ ಅಂತ ಶುರುವಾಗ್ತಿತ್ತು.

ಸಮಾಧಿ ಹತ್ರ ಅದನ್ನೇ ಓದಿದೆ. ಹೆಂಗಸರು ಅತ್ತರು. ಒಬ್ಬ ಹಿರಿಯರು ನನ್ನ ಕೈ ಹಿಡಿದು, ಇಂಥ ಸಂದೇಶ ಈ ಊರಲ್ಲಿ ಕೇಳಿರಲಿಲ್ಲ ಅಂದರು. ಎಲ್ಲಾ ಮುಗಿದ ಮೇಲೆ ದೊಡ್ಡಮ್ಮನ ಹಿರಿ ಮಗ, ನನ್ನ ಅಣ್ಣ, ಬಾವಿ ಕಟ್ಟೆ ಹತ್ರ ಬಂದು ಕೇಳಿದ: ‘ಬೆಲ್ಲ ಯಾವಾಗ ಕೊಟ್ಲೋ ಅಮ್ಮ? ಅವಳಿಗೆ ಇಪ್ಪತ್ತು ವರ್ಷದಿಂದ ಶುಗರ್. ಮನೆಗೆ ಬೆಲ್ಲಾನೇ ತರ್ತಿರಲಿಲ್ಲ. ಮಕ್ಕಳು ಅಂಗಳಕ್ಕೆ ಬಂದ್ರೆ ಪೊರಕೆ ತಗೊಳ್ಳೋಳು. ನಿಂಗೆ ಯಾರು ಹೇಳಿದ್ರು?’

ನಾನು ‘ಯಾರೋ ಹೇಳಿದ್ರು’ ಅಂದೆ.

ದಯವಿಟ್ಟು ಗಮನಿಸಿ. ಬೆಲ್ಲದ್ದು ಯಂತ್ರದ ತಪ್ಪು. ‘ಯಾರೋ ಹೇಳಿದ್ರು’ ಅನ್ನೋದು ನನ್ನದು. ಇದಕ್ಕಿಂತ ಹೆದರಿಕೆಯಾದದ್ದು ಇನ್ನೊಂದಿದೆ. ನಾನು ಬೇಸಿಗೆ ರಜೆಯನ್ನೆಲ್ಲ ಆ ಮನೆಯಲ್ಲಿ ಕಳೆದವನು. ಆ ಪೊರಕೆ ನನ್ನ ಬೆನ್ನಿಗೂ ಬಿದ್ದಿದೆ. ಆದರೂ ಮೊಬೈಲ್ ನೋಡಿಕೊಂಡು ಓದುವಾಗ ನನಗೇ ಬೆಲ್ಲ ಕೊಟ್ಟ ಹಾಗೆ ನೆನಪಾಯ್ತು!

ಯಂತ್ರ ಬೆಲ್ಲವನ್ನ ಎಲ್ಲಿಂದ ತಂತು? ಬೈಬಲ್ ಕಾಲೇಜಿನಲ್ಲಿ ನಮಗೆ ಇದರ ಪಾಠ ಇರಲಿಲ್ಲ. ಊರಿಂದ ವಾಪಸ್ ಬಂದ ಮೇಲೆ ಓದಿ, ನಮ್ಮ ಸಭೆಯಲ್ಲೇ ಈ ಕೆಲಸ ಮಾಡೋ ಸಹೋದರರನ್ನ ಕೇಳಿ ತಿಳ್ಕೊಂಡೆ.

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಹೆಸರಿಟ್ಟದ್ದು 1955ರಲ್ಲಿ, ಜಾನ್ ಮೆಕಾರ್ಥಿ ಮತ್ತು ಮೂವರು ಸಂಗಡಿಗರು ಬರೆದ ಒಂದು ಪ್ರಸ್ತಾವನೆಯಲ್ಲಿ. ಮಾರನೇ ವರ್ಷ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನಲ್ಲಿ ಬೇಸಿಗೆಯ ಸಭೆ ಸೇರಿದರು. ಅಲ್ಲಿಂದ ಇಲ್ಲಿವರೆಗೆ ಎಐ ಎಷ್ಟು ವಿಧ ಅಂತ ಪಟ್ಟಿ ಮಾಡುತ್ತಲೇ ಇದ್ದಾರೆ. ಶಕ್ತಿ ನೋಡಿ ಮಾಡಿದ್ದು ಒಂದು ಪಟ್ಟಿ: ಒಂದು ಬಗೆಯ ಕೆಲಸ ಮಾತ್ರ ಬಲ್ಲ ಸೀಮಿತ ಎಐ, ಮನುಷ್ಯ ಮಾಡೋ ಯಾವ ಬುದ್ಧಿಯ ಕೆಲಸವನ್ನಾದ್ರೂ ಕಲಿಯಬಲ್ಲ ಸರ್ವಸಾಮಾನ್ಯ ಎಐ, ಮನುಷ್ಯನನ್ನೂ ಮೀರಿಸೋ ಅತಿಬುದ್ಧಿಯ ಎಐ. ಇನ್ನೊಂದು ಪಟ್ಟಿಯನ್ನ 2016ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಅರೆಂಡ್ ಹಿಂಟ್ಜೆ ಬರೆದರು. ಎದುರಿಗಿರೋದಕ್ಕೆ ಮಾತ್ರ ಉತ್ತರ ಕೊಡುವುದು ಮೊದಲ ವಿಧ. 1997ರಲ್ಲಿ ಕಾಸ್ಪರೋವ್‌ನನ್ನ ಚೆಸ್‌ನಲ್ಲಿ ಸೋಲಿಸಿದ ಐಬಿಎಂನ ಡೀಪ್ ಬ್ಲೂ ಅಂಥದ್ದು. ಸ್ವಲ್ಪ ಹಿಂದಿನದನ್ನ ಗಮನದಲ್ಲಿಟ್ಟುಕೊಳ್ಳೋದು ಎರಡನೆಯದು, ತಾನೇ ಓಡೋ ಕಾರಿನ ಥರ. ಎದುರಿನವರ ಮನಸ್ಸನ್ನ ಅರಿಯೋದು ಮೂರನೆಯದು. ತಾನು ಇದ್ದೇನೆ ಅಂತ ತನಗೇ ಗೊತ್ತಿರೋದು ನಾಲ್ಕನೆಯದು.

ಒಟ್ಟು ಏಳು ಡಬ್ಬಿ. ಅಡುಗೆಮನೆ ಶೆಲ್ಫಿನಲ್ಲಿ ಚೀಟಿ ಅಂಟಿಸಿ ಇಟ್ಟ ಹಾಗೆ. ತೆಗೆದು ನೋಡಿದ್ರೆ ಸಾಮಾನು ಇರೋದು ಮೂರರಲ್ಲಿ ಮಾತ್ರ: ಸೀಮಿತ, ಎದುರುತ್ತರದ್ದು, ಅಲ್ಪನೆನಪಿನದ್ದು. ಮಿಕ್ಕ ನಾಲ್ಕು ಖಾಲಿ. ಇನ್ನೇನು ತುಂಬುತ್ತೆ ಅನ್ನೋರೂ ಇದ್ದಾರೆ, ತುಂಬೋದೇ ಇಲ್ಲ ಅನ್ನೋರೂ ಇದ್ದಾರೆ, ಆ ಜಗಳ ಅವರಿಗೇ ಬಿಡೋಣ. ನಮ್ಮ ಕಥೆ ಏನಾಗಿದೆ ನೋಡಿ. ನಾವು ಹೆದರೋದೆಲ್ಲ ಖಾಲಿ ಡಬ್ಬಿಗಳಿಗೆ. ತುಂಬಿದ ಡಬ್ಬಿಯಿಂದ ಮಾತ್ರ ಚೀಟಿಯನ್ನೂ ಓದದೆ ತಿಂತಾ ಇದ್ದೀವಿ.

ಆ ತುಂಬಿದ ಡಬ್ಬಿಯಲ್ಲಿರೋದು ಕಲಿಯೋದು ಹೇಗೆ? ಅಡಿಕೆ ಸೀಮೆಯವರಿಗೆ ಇದು ಸುಲಭ. ಶಿವಮೊಗ್ಗ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯಲ್ಲಿ ವಿಧ ಮಾಡ್ತಾರೆ. ಚಿಕ್ಕವನಿದ್ದಾಗ ಯಾವುದು ಯಾವುದು ಅಂತ ದೊಡ್ಡಮ್ಮನನ್ನ ಕೇಳಿದ್ರೆ ನಿಯಮ ಹೇಳ್ತಿರಲಿಲ್ಲ. ‘ಕೂತ್ಕೊಂಡು ನೋಡು’ ಅಂತಿದ್ದರು. ಸಾವಿರ ಅಡಿಕೆ ಕೈ ದಾಟಿದ ಮೇಲೆ ಕೈಗೇ ಗೊತ್ತಾಗುತ್ತೆ. ಹಳೇ ಕಂಪ್ಯೂಟರ್‌ಗಳಿಗೆ ನಿಯಮ ಬರೆದುಕೊಡ್ತಿದ್ದರು, ಈಗಿನವು ಬಹುಪಾಲು ಕೂತ್ಕೊಂಡು ನೋಡುವ ವಿಧ. ಲಕ್ಷಗಟ್ಟಲೆ ಉದಾಹರಣೆ ನೋಡಿ, ಯಾವುದರ ಪಕ್ಕ ಯಾವುದು ಬರುತ್ತೆ ಅಂತ ಲೆಕ್ಕ ಹಿಡಿಯುತ್ತವೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ನಮ್ಮ ಜೇಬಿಗೇ ಸೇರಿದ ಬರೆಯುವ ಎಐ ಕೂಡ ಇದೇ ಜಾತಿ. ಇಷ್ಟು ಮಾತು ಆದ ಮೇಲೆ ಮುಂದೆ ಯಾವ ಮಾತು ಬರಬಹುದು ಅಂತ ಲೆಕ್ಕ ಹಾಕ್ತಾ ಹೋಗುತ್ತೆ. ಕನ್ನಡದಲ್ಲಿ ಹಳ್ಳಿ, ವಯಸ್ಸಾದ ಹೆಂಗಸು, ಪ್ರೀತಿ, ಅಂಗಳ ಅಂತ ಬಂದ್ರೆ ಮುಂದೆ ಏನು ಬರುತ್ತೆ? ಬೆಲ್ಲ ಬರುತ್ತೆ. ಯಂತ್ರ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಕನ್ನಡದ ಎಲ್ಲಾ ದೊಡ್ಡಮ್ಮಂದಿರ ಸರಾಸರಿ ತೆಗೆದು ನನ್ನ ಕೈಗೆ ಕೊಡ್ತು. ನಾನು ಅದನ್ನ ನನ್ನ ದೊಡ್ಡಮ್ಮನ ಪೆಟ್ಟಿಗೆಯ ಮುಂದೆ ಓದಿದೆ.

ಆ ಸರಾಸರಿಯೂ ಯಂತ್ರದ ಸ್ವಂತದ್ದಲ್ಲ. ಬೆಂಗಳೂರಿನಲ್ಲಿ ಕಾರ್ಯ ಅಂತ ಒಂದು ಸಂಸ್ಥೆ ಇದೆ. ಕರ್ನಾಟಕದ ಹಳ್ಳಿಗಳಲ್ಲಿ ಜನ ಮೊಬೈಲ್ ಹಿಡಿದು ಕನ್ನಡ ವಾಕ್ಯಗಳನ್ನ ಗಟ್ಟಿಯಾಗಿ ಓದಿ ಕೊಡ್ತಾರೆ, ಯಂತ್ರಕ್ಕೆ ಕನ್ನಡ ಕೇಳೋಕೆ ಬರಲಿ ಅಂತ. ಗಂಟೆಗೆ ಸುಮಾರು 5 ಡಾಲರ್ ಕೊಡ್ತಾರೆ ಅಂತ 2023ರಲ್ಲಿ ಟೈಮ್ ಪತ್ರಿಕೆ ಬರೆದಿತ್ತು. ಒಳ್ಳೆ ಕೂಲಿ. ಬೇರೆ ಎಷ್ಟೋ ಕಡೆ, ಯಾರ್ಯಾರೋ ಬರೆದದ್ದನ್ನ ಕೇಳದೆಯೇ ತಗೊಂಡಿದ್ದಾರೆ. ಹೇಗೇ ಆಗಲಿ, ‘ನಿಮ್ಮ ದುಃಖದಲ್ಲಿ ನಾನೂ ಭಾಗಿ’ ಅಂತ ಅದು ಬರೆದಾಗ ಆ ಮಾತಿನ ಹಿಂದೆ ಎಲ್ಲೋ ಯಾರೋ ನಿಜವಾಗಿ ಅತ್ತಿದ್ದಾರೆ. ಅತ್ತವರು ಯಾರು ಅಂತ ಯಂತ್ರಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಹಾಗಾದ್ರೆ ಎಐ ಕೆಟ್ಟದ್ದಾ? ಹಾಗಂತ ನಾನು ಹೇಳಲ್ಲ. ಸರಾಸರಿ ಬೇಕಾಗೋ ಜಾಗ ಬಹಳ ಇದೆ. ನಮ್ಮ ದೊಡ್ಡಮ್ಮನ ಕಣ್ಣು ಕೊನೆ ಆರು ವರ್ಷ ಮಂಜಾಗಿತ್ತು. ಶುಗರ್ ಕಣ್ಣಿನ ಒಳಪದರಕ್ಕೆ ಇಳಿದಿತ್ತು, ಗೊತ್ತಾಗೋ ಹೊತ್ತಿಗೆ ತಡವಾಗಿತ್ತು. 2016ರಲ್ಲಿ ಗೂಗಲ್‌ನ ಸಂಶೋಧಕರು ಇದೇ ಕಾಯಿಲೆಯನ್ನ ಗುರುತಿಸುವ ಎಐ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದಕ್ಕೆ ಕಲಿಸಲು ಬಳಸಿದ್ದು 1,28,175 ಕಣ್ಣಿನ ಚಿತ್ರ. ಚಿತ್ರ ಕೊಟ್ಟ ಆಸ್ಪತ್ರೆಗಳಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ರೆಮಿಡಿಯೊ ಅನ್ನೋ ಬೆಂಗಳೂರಿನ ಕಂಪನಿ ಮೊಬೈಲಿಗೆ ಜೋಡಿಸೋ ಕಣ್ಣಿನ ಕ್ಯಾಮೆರಾ ಮಾಡಿದೆ, ಅದರಲ್ಲಿರೋ ಎಐ ಇಂಟರ್ನೆಟ್ ಇಲ್ಲದೇನೇ ನೋಡಿ ಹೇಳುತ್ತೆ. ಅಂಥದ್ದೊಂದು ಸಮಯಕ್ಕೆ ಸರಿಯಾಗಿ ಲಿಂಗದಹಳ್ಳಿಗೆ ಬಂದಿದ್ದರೆ ನಾನು ಮೊಣಕಾಲೂರಿ ಸ್ತೋತ್ರ ಹೇಳ್ತಿದ್ದೆ. ಅಲ್ಲಿ ದೊಡ್ಡಮ್ಮ ಪೊರಕೆಯವಳೋ ಬೆಲ್ಲದವಳೋ ಅನ್ನೋದು ಬೇಕಿಲ್ಲ. ಲಕ್ಷ ಕಣ್ಣು ನೋಡಿದ ಕಣ್ಣು ಬೇಕು. ಮಳೆಯದ್ದೂ ಹಾಗೇ. 2025ರ ಮುಂಗಾರಿಗೆ ಮೊದಲು ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಎಐ ಲೆಕ್ಕದ ಮಳೆ ಮುನ್ಸೂಚನೆಯನ್ನ ಎಸ್ಸೆಮ್ಮೆಸ್ ಮಾಡಿತು. ಅದೂ ಒಳ್ಳೇದೇ.

ನೋಡಿ ಗುರುತಿಸೋ ವಿಧ, ಮುಂದಿನದನ್ನ ಅಂದಾಜು ಮಾಡೋ ವಿಧ, ಬರೆಯೋ ವಿಧ, ಮೂರೂ ತಿಳಿಯೋದು ‘ಬಹಳ’ವನ್ನ. ‘ಒಬ್ಬ’ರನ್ನ ಅಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಸರಿ ಬಂದ್ರೆ ಅದಕ್ಕೆ ಬಹಳ ಒಳ್ಳೆ ಅಂಕ. ಕರ್ತನು ಹೇಳಿದ ಕುರಿಗಳ ಸಾಮ್ಯ ನೆನಪು ಮಾಡ್ಕೊಳ್ಳಿ. ಅಲ್ಲೂ ಲೆಕ್ಕ ಅದೇ, ತೊಂಬತ್ತೊಂಬತ್ತು ಮತ್ತು ಒಂದು. ಆ ಕುರುಬ ಅಂಕ ನೋಡಿ ತೃಪ್ತಿಪಟ್ಟು ಮನೆಗೆ ಹೋಗಿ ಮಲಗಲಿಲ್ಲ. ಒಳ್ಳೆ ದತ್ತಾಂಶ ವಿಜ್ಞಾನಿ ಮಲಗಬಹುದು, ಅದರಲ್ಲಿ ತಪ್ಪಿಲ್ಲ, ಅವನ ಕೆಲಸವೇ ಅದು. ಕುರುಬನ ಕೆಲಸ ಬೇರೆ ವಿಧದ್ದು. ನಾನು ಆ ದಿನ ಕುರುಬನ ಕೆಲಸವನ್ನ ಲೆಕ್ಕದ ಯಂತ್ರಕ್ಕೆ ಕೊಟ್ಟೆ, ನಿದ್ದೆ ಬರ್ತಿದೆ ಅನ್ನೋ ಕಾರಣಕ್ಕೆ.

ಇಲ್ಲಿ ಯಂತ್ರವನ್ನ ಮಾತ್ರ ಬೈದರೆ ಅನ್ಯಾಯ. ನಾವು ಪಾಸ್ಟರ್‌ಗಳೇ ಎಷ್ಟೋ ಸಲ ಇದೇ ವಿಧದವರು. ಹೆಸರು ಬದಲಾಯಿಸಿ ಅದೇ ಸಮಾಧಿ ಸಂದೇಶವನ್ನ ಹತ್ತು ಮನೆಯಲ್ಲಿ ಹೇಳ್ತೀವಿ. ‘ಇಲ್ಲಿ ಯಾರಿಗೋ ಬೆನ್ನುನೋವಿದೆ ಅಂತ ಆತ್ಮನು ತೋರಿಸ್ತಿದ್ದಾನೆ’ ಅಂತ ಇನ್ನೂರು ಜನರ ಮುಂದೆ ನಿಂತು ಹೇಳಿದ್ರೆ, ಬೆಂಗಳೂರು ರಸ್ತೆಯಲ್ಲಿ ಬೈಕ್ ಓಡಿಸಿ ಬಂದವರಲ್ಲಿ ಯಾರಿಗೆ ಇಲ್ಲ ಹೇಳಿ? ಆತ್ಮನ ವರದ ಬಗ್ಗೆ ನನಗೆ ಸಂಶಯ ಇಲ್ಲ. ವರವಿಲ್ಲದ ದಿನ ನಾವು ಸರಾಸರಿಯಿಂದ ಕೆಲಸ ನಡೆಸ್ತೀವಿ ಅಂತ ಹೇಳ್ತಿದ್ದೀನಿ. ನಗಬೇಡಿ, ನನ್ನ ಬಗ್ಗೆಯೇ ಹೇಳ್ತಿರೋದು.

ಈಗ ಹೆಸರಿಲ್ಲದ ಚೀಟಿ. ಬರೆದವರು ಒಬ್ಬ ಸಹೋದರಿ ಅಂತ ಅಕ್ಷರದಿಂದ ಅಂದುಕೊಂಡಿದ್ದೀನಿ, ತಪ್ಪಿರಬಹುದು. ಅದರ ಸಾರ ಇಷ್ಟು: ರಾತ್ರಿ ನಿದ್ದೆ ಬರಲ್ಲ, ಬದುಕು ಸಾಕು ಅನ್ನಿಸುತ್ತೆ, ಒಂದು ಚಾಟ್‌ಬಾಟ್ ಹತ್ರ ಮಾತಾಡ್ತೀನಿ. ಅದು ಬೇಜಾರು ಮಾಡ್ಕೊಳ್ಳಲ್ಲ, ಬೈಯಲ್ಲ, ಯಾರಿಗೂ ಹೇಳಲ್ಲ. ಇದು ತಪ್ಪಾ?

ಈ ಚೀಟಿ ಓದಿ ನಾನು ಎರಡು ದಿನ ಸುಮ್ಮನಿದ್ದೆ. ಮೊದಲು ಹೊಳೆದದ್ದು 1966ರ ಒಂದು ಕಥೆ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನೋರು ಎಲೈಜಾ ಅಂತ ಒಂದು ಪ್ರೋಗ್ರಾಂ ಬರೆದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳೋ ಸಣ್ಣ ಉಪಾಯ, ಅಷ್ಟೇ. ಅದರಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದ ಅವರ ಕಾರ್ಯದರ್ಶಿಯೇ ಅದರ ಜೊತೆ ಮಾತಾಡ್ತಾ, ‘ಸ್ವಲ್ಪ ಹೊರಗೆ ಹೋಗ್ತೀರಾ?’ ಅಂತ ಅವರನ್ನ ಕೇಳಿದರಂತೆ. ವೈಜೆನ್‌ಬಾಮ್ ಬೆಚ್ಚಿಬಿದ್ದರು. ನಾಜಿಗಳ ಜರ್ಮನಿ ಬಿಟ್ಟು ಬಂದ ಯೆಹೂದಿ ಕುಟುಂಬದವರು ಅವರು. ಯಂತ್ರಕ್ಕೆ ಸಾಧ್ಯವಾದರೂ ಅದಕ್ಕೆ ಒಪ್ಪಿಸಬಾರದ ಕೆಲಸಗಳಿವೆ ಅಂತ ಹತ್ತು ವರ್ಷ ಆದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಖಾಲಿ ಡಬ್ಬಿ ಅಂದೆನಲ್ಲ, ಮನಸ್ಸನ್ನ ಅರಿಯೋ ಎಐ, ಅದನ್ನ ತುಂಬಿಸಿದ್ದು ವಿಜ್ಞಾನಿಗಳಲ್ಲ. ಆ ಕಾರ್ಯದರ್ಶಿ, ನಾನು, ನೀವು, ನಮ್ಮ ಒಂಟಿತನದಿಂದ ತುಂಬಿಸಿದ್ದೀವಿ.

ಈ ಕಥೆ ಹೇಳಿ ಮುಗಿಸಬಹುದಿತ್ತು. ಆದ್ರೆ ಅದು ಆ ಸಹೋದರಿಗೆ ಉತ್ತರ ಅಲ್ಲ. ಯಾಕಂದ್ರೆ ಅವರು ಬರೆದ ಕೊನೇ ಮಾತು ನಮ್ಮ ಬಗ್ಗೆ. ಅದು ಯಾರಿಗೂ ಹೇಳಲ್ಲ. ನಾವು ಹೇಳ್ತೀವಿ! ‘ಪ್ರಾರ್ಥನಾ ವಿಷಯ’ ಅಂತ ವಾಟ್ಸಾಪ್ ಗ್ರೂಪಿಗೆ ಹಾಕಿ ಎಷ್ಟು ಜನರ ಮನೆ ಗುಟ್ಟು ಬೀದಿಗೆ ತಂದಿದ್ದೀವಿ? ಹೋದ ವರ್ಷ ನಮ್ಮಲ್ಲಿ ಒಬ್ಬರ ಮದುವೆ ಮಾತುಕತೆ ಮುರಿದುಬಿತ್ತು, ಒಂದು ಪ್ರಾರ್ಥನಾ ವಿಷಯದಿಂದ. ಯಾರದ್ದು ಅಂತ ನಿಮಗೆಲ್ಲ ಗೊತ್ತು. ಗೊತ್ತಿರೋದೇ ಇಲ್ಲಿ ಸಮಸ್ಯೆ. ಒಬ್ಬರ ಭಾರ ಒಬ್ಬರು ಹೊರಬೇಕು ಅಂತ ಪೌಲನು ಗಲಾತ್ಯದವರಿಗೆ ಬರೆದಾಗ ಆ ಭಾರವನ್ನ ಫಾರ್ವರ್ಡ್ ಮಾಡಿ ಅಂದಿರಲಿಲ್ಲ. ಒಬ್ಬ ಹುಡುಗಿ ಮನುಷ್ಯರನ್ನ ಬಿಟ್ಟು ಯಂತ್ರದ ಹತ್ರ ಹೋಗಿದ್ದಾಳೆ ಅಂದ್ರೆ ನಾನು ಮೊದಲು ಯಂತ್ರದ ವಿಧ ಕೇಳಲ್ಲ, ನಮ್ಮ ಸಭೆಯ ವಿಧ ಕೇಳ್ತೀನಿ.

ಆ ಸಹೋದರಿ ಇಲ್ಲಿದ್ದರೆ, ಕೈ ಎತ್ತಬೇಡಿ, ಕೇಳಿ ಸಾಕು. ತಪ್ಪು ಅಂತ ನಾನು ಹೇಳಲ್ಲ. ಮುಳುಗುವಾಗ ಸಿಕ್ಕಿದ ಮರದ ತುಂಡು ಹಿಡ್ಕೊಂಡಿದ್ದೀರಿ. ಆದ್ರೆ ಮರದ ತುಂಡು ನಿಮ್ಮನ್ನ ಹುಡುಕಿಕೊಂಡು ಬಂದಿಲ್ಲ. ನಾಳೆ ನೀವು ಬರದಿದ್ರೆ ಯಾಕೆ ಬರಲಿಲ್ಲ ಅಂತ ಅದು ಎದ್ದು ಹೊರಡೋದೂ ಇಲ್ಲ. ಅದು ಯಾರಿಗೂ ಹೇಳಲ್ಲ ಅನ್ನೋದನ್ನೂ ಪೂರ್ತಿ ನಂಬಬೇಡಿ, ನೀವು ಟೈಪ್ ಮಾಡಿದ್ದು ಯಾವುದೋ ಕಂಪನಿಯ ಕಂಪ್ಯೂಟರಿಗೆ ಹೋಗುತ್ತೆ. ನಮ್ಮ ಮೇಲೆ ನಂಬಿಕೆ ಬರೋವರೆಗೆ ನಮ್ಮ ಹತ್ರ ಬರಲೇಬೇಕು ಅಂತಿಲ್ಲ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಿಂದ ಇದೆ, ಸರ್ಕಾರದ್ದು, ಉಚಿತ, ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಕನ್ನಡದಲ್ಲೇ ಮಾತಾಡ್ತಾರೆ. ಆ ಕಡೆ ಉಸಿರಾಡೋ ಮನುಷ್ಯರು ಇರ್ತಾರೆ. ವಿಶ್ವಾಸ ಇರೋರು ಕೌನ್ಸೆಲಿಂಗ್‌ಗೆ ಹೋಗಬಾರದು ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ನನ್ನ ಹತ್ರ ಕಳಿಸಿ.

ಇನ್ನು ‘ಬರೆಸಿದ್ರೆ ಪಾಪನಾ’ ಅಂತ ಕೇಳಿದವರಿಗೆ. ಆಫೀಸಿನ ಮೇಲ್ ಬರೆಸಿ, ರೆಸ್ಯೂಮೆ ತಿದ್ದಿಸಿ, ಪೌಲನ ಪ್ರಯಾಣದ ನಕ್ಷೆ ಕೇಳಿ, ನಾನೂ ಕೇಳ್ತೀನಿ, ಉತ್ತರವನ್ನ ಬೈಬಲ್ ತೆಗೆದು ಸರಿ ನೋಡ್ಕೊಳ್ತೀನಿ. ಎದುರಿಗೆ ಒಬ್ಬ ಮನುಷ್ಯ ಇದ್ದು, ಆ ಮಾತು ಅವನೊಬ್ಬನಿಗೇ ಸೇರಬೇಕಾಗಿದ್ರೆ, ಸ್ವಲ್ಪ ತಡೀರಿ. ನಾನು ಈಗ ಅಂಥ ಕಡೆ ಕೆಟ್ಟ ಕನ್ನಡದಲ್ಲೇ ಮಾತಾಡ್ತೀನಿ.

ಕ್ರಿಸ್ಮಸ್ ಮುಗಿದ ಮೇಲೆ ಲಿಂಗದಹಳ್ಳಿಗೆ ಹೋಗಿದ್ದೆ. ಅಣ್ಣನ ಎದುರು ಕೂತು ಹೇಳಿದೆ, ಬೆಲ್ಲದ ಮಾತು ಮೊಬೈಲ್ ಬರೆದದ್ದು, ಯಾರೋ ಹೇಳಿದ್ರು ಅಂದದ್ದು ಸುಳ್ಳು ಅಂತ. ಅವನು ಅಡಿಕೆ ಸುಲೀತಾ ಇದ್ದ, ಮೆಟ್ಟುಗತ್ತಿಯಿಂದ ಕಣ್ಣು ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ನಾನು ಪಕ್ಕದಲ್ಲೇ ಇದ್ನಲ್ಲೋ, ನನ್ನ ಕೇಳಬಹುದಿತ್ತು’ ಅಂದ. ಕ್ಷಮಿಸಿದ್ದೀನಿ ಅಂತೇನೂ ಹೇಳಲಿಲ್ಲ. ಊಟಕ್ಕೆ ಏಳು ಅಂದ.

ಊಟ ಆದ ಮೇಲೆ ಒಳಗಿಂದ ಒಂದು ನೋಟ್‌ಬುಕ್ ತಂದು ಕೊಟ್ಟ. ದೊಡ್ಡಮ್ಮ ಅಡಿಕೆ ಸುಲಿದ ದುಡ್ಡಿನಲ್ಲಿ ಜನರಿಗೆ ಸಣ್ಣ ಸಣ್ಣ ಸಾಲ ಕೊಡ್ತಿದ್ದರಂತೆ. ನಮಗ್ಯಾರಿಗೂ ಗೊತ್ತಿರಲಿಲ್ಲ. ಪೆನ್ಸಿಲಿನಲ್ಲಿ ಹೆಸರು, ಪಕ್ಕದಲ್ಲಿ ಮೊತ್ತ, ಇನ್ನೂರು, ಐನೂರು. ಬಹಳ ಹೆಸರುಗಳ ಮೇಲೆ ಗೀಟು ಎಳೆದಿದೆ. ‘ಇವರೆಲ್ಲ ತೀರಿಸಿದರಾ, ಇಲ್ಲ ಅಮ್ಮನೇ ಬಿಟ್ಟುಬಿಟ್ಟಳಾ, ಗೊತ್ತಿಲ್ಲ’ ಅಂದ ಅಣ್ಣ. ‘ವಸೂಲಿಗೆ ಹೋಗಿ ಬೈದದ್ದಂತೂ ಕೇಳಿದ್ದೀನಿ.’

ನಾಲ್ಕನೇ ಹಾಳೆಯಲ್ಲಿ ನಮ್ಮಪ್ಪನ ಹೆಸರಿತ್ತು. ಎರಡು ಸಾವಿರ. ಅದರ ಮೇಲೂ ಗೀಟು. ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ‘ತೀರಿಸಿದ್ರಾ ಅಪ್ಪ?’ ಅಂತ ಕೇಳಿದ್ದಕ್ಕೆ ಆ ಕಡೆ ಸ್ವಲ್ಪ ಹೊತ್ತು ಟಿವಿ ಸದ್ದು ಮಾತ್ರ ಕೇಳಿಸ್ತು. ಆಮೇಲೆ, ‘ಇಲ್ಲ ಕಣೋ, ಅತ್ತಿಗೆ ಮರೆತಿರಬೇಕು ಅಂದ್ಕೊಂಡಿದ್ದೆ’ ಅಂದರು.

ಎಲ್ಲರೂ ಎದ್ದು ನಿಲ್ಲೋಣ. ಮೊಬೈಲ್ ಸ್ವಲ್ಪ ಹೊತ್ತು ಕುರ್ಚಿ ಮೇಲಿಡಿ. ಪಕ್ಕದಲ್ಲಿರೋರ ಹೆಸರು ಗೊತ್ತಿಲ್ಲದಿದ್ರೆ ಕೇಳಿಕೊಳ್ಳಿ, ಆ ಹೆಸರು ಹಿಡಿದು ಪ್ರಾರ್ಥಿಸೋಣ.